ಒಂಬತ್ತನೆಯ ಕಂಬ

ಗಾದಿಲಿಂಗಪ್ಪನನ್ನು ಕೆಲಸದಿಂದ ತೆಗೆದದ್ದು ಒಂದು ಸೋಮವಾರ, ಕಚೇರಿಯ ಎಲ್ಲರೂ ಚಹಾ ಕುಡಿಯುವ ಹೊತ್ತಿನಲ್ಲಿ. ಬಳ್ಳಾರಿಯ ಆ ಕಟ್ಟಡ ವಿನ್ಯಾಸದ ಕಚೇರಿಯಲ್ಲಿ ಅವನು ಇಪ್ಪತ್ತೆರಡು ವರ್ಷ ಡ್ರಾಫ್ಟ್ಸ್‌ಮನ್ ಆಗಿದ್ದ. ಎಂಜಿನಿಯರು ಬಾಯಲ್ಲಿ ಹೇಳಿದ್ದನ್ನು ಅಳತೆಗೆ ತಂದು ನಕ್ಷೆ ಬರೆಯುವುದು ಅವನ ಕೆಲಸ. ತೆಗೆದವನು ಹಂಪೇಶ್, ಹಳೆಯ ಯಜಮಾನರ ಮಗ, ಗಾದಿಲಿಂಗಪ್ಪನಿಗಿಂತ ಹನ್ನೆರಡು ವರ್ಷ ಚಿಕ್ಕವನು. ಓದು ಮುಗಿಸಿ ಬಂದ ಹೊಸತರಲ್ಲಿ ಗಾದಿಲಿಂಗಪ್ಪನ ಪಕ್ಕ ಸ್ಟೂಲು ಹಾಕಿಕೊಂಡು ಕೂತು, "ಅಣ್ಣಾ, ಈ ಗೆರಿ ಏನು ಹೇಳತೈತಿ?" ಎಂದು ಕೇಳಿ ಕೇಳಿ ಕಲಿತವನು. ತಂದೆ ತೀರಿಕೊಂಡು ಗಾಜಿನ ಕೋಣೆ ತನ್ನದಾದ ಮೇಲೆ ಅವನ ಬಾಯಿಂದ ಆ 'ಅಣ್ಣ' ಬಿದ್ದುಹೋಗಿತ್ತು.

ಕಾರಣವಾದದ್ದು ಸಿರುಗುಪ್ಪದ ಒಂದು ಸಮುದಾಯ ಭವನ. ಹಂಪೇಶನೇ ಮುಂದೆ ನಿಂತು ಕಟ್ಟಿಸಿದ್ದು. ಉದ್ಘಾಟನೆಯಾಗಿ ಎರಡು ತಿಂಗಳಿಗೆ ಊಟದ ಹಾಲಿನ ಚಾವಣಿ ನಡುವೆ ಜೋತುಬಿದ್ದು ಬಿರುಕು ಬಿಟ್ಟಿತು. ಒಂದು ನಾಮಕರಣದ ದಿನ ಗಾರೆಯ ದೊಡ್ಡ ತುಂಡು ಕಿತ್ತು, ಭವನದ ಅಡುಗೆ, ಕಸ ನೋಡಿಕೊಳ್ಳುತ್ತಿದ್ದ ಮುದುಕಿ ಗಿಡ್ಡಮ್ಮನ ಭುಜದ ಮೇಲೆ ಬಿದ್ದು ಮೂಳೆ ಮುರಿಯಿತು. ಭವನದ ಸಂಘದವರು ಬಳ್ಳಾರಿಗೆ ಬಂದು ಕೂತರು. ಹಂಪೇಶ್ ಅವರೆದುರಿಗೇ ಗಾದಿಲಿಂಗಪ್ಪನನ್ನು ಕರೆಸಿದ.

"ನಡುವಿನ ಕಾಲಮ್ಮು ಬರಿಯೋದ ಮರತಾನ್ರಿ ಇವ. ನಂಬಿ ಕೆಟ್ಟೆ ನಾನು," ಎಂದವನು ಇವನತ್ತ ತಿರುಗಿದ. "ಏನ್ಲೇ ಗಾದಿಲಿಂಗಾ, ಒಂಬತ್ತರ ತನಕ ಎಣಸಾಕ ಬರಂಗಿಲ್ಲೇನು ನಿನಗ?"

"ಸರ್, ನಾನು ಒಂಬತ್ತ ಬರದೀನಿ. ಫೈಲ್ ತೆಗೀರಿ."

ಕಂಪ್ಯೂಟರಿನಲ್ಲಿ ಫೈಲು ತೆಗೆದರು. ಎಂಟೇ ಕಂಬಗಳಿದ್ದವು. ಕೆಳಗೆ ಗಾದಿಲಿಂಗಪ್ಪನ ಹೆಸರಿತ್ತು. ನಡುವಿನದನ್ನು ಯಾರೋ ಅಳಿಸಿದ್ದರು. ಯಾರೆಂದು ಅವನಿಗೆ ಗೊತ್ತಿತ್ತು, ತೋರಿಸುವ ದಾರಿ ಗೊತ್ತಿರಲಿಲ್ಲ. ಚಹಾದ ಲೋಟ ಹಿಡಿದಿದ್ದವರೆಲ್ಲ ಲೋಟದೊಳಗೆ ನೋಡಿದರು.

ಗಾದಿಲಿಂಗಪ್ಪನ ಊರು ಕುರುಗೋಡು. ಭವನ ಕಟ್ಟಿದ ಮೇಸ್ತ್ರಿ ಎರ್ರಿಸ್ವಾಮಿಯೂ ಅಲ್ಲಿಯವನೇ, ಒಂದೇ ಓಣಿಯಲ್ಲಿ ಆಡಿ ಬೆಳೆದವನು. ಮಾರನೆಯ ದಿನವೇ ಗಾದಿಲಿಂಗಪ್ಪ ಅವನ ಮನೆಗೆ ಹೋದ.

"ನಡುವಿನ ಕಾಲಮ್ಮು ಯಾಕ ಎಬ್ಬಿಸ್ಲಿಲ್ಲ, ಹೇಳು. ನನ್ನ ನಕ್ಷ್ಯಾಗ ಇತ್ತೋ ಇಲ್ಲೋ?"

ಎರ್ರಿಸ್ವಾಮಿ ತಟ್ಟೆಯಲ್ಲಿದ್ದ ಮುದ್ದೆ ಮುರಿಯುತ್ತ, "ನೆನಪಿಲ್ಲಣ್ಣ," ಎಂದ. ಕತ್ತು ಎತ್ತಲಿಲ್ಲ. "ಬಾ, ಊಟ ಮಾಡು."

ಗಾದಿಲಿಂಗಪ್ಪ ನೀರೂ ಮುಟ್ಟದೆ ಎದ್ದು ಬಂದ.

ಆಮೇಲೆ ಬಳ್ಳಾರಿಯಲ್ಲಿ ಅವನು 'ಸಿರುಗುಪ್ಪದ ಕೇಸಿನಾವ' ಆದ. ಬೇರೆ ಕಚೇರಿಗಳಲ್ಲಿ ನೋಡೋಣ ಎಂದವರು ಮತ್ತೆ ಫೋನು ಎತ್ತಲಿಲ್ಲ. ಕೌಲ್ ಬಜಾರಿನ ಮನೆಯಲ್ಲಿ, ಕೂಲರಿನ ಎದುರು, ಬನಿಯನ್ನಿನಲ್ಲಿ ಕೂತು ಇಡೀ ಬೇಸಿಗೆ ಒಂದೇ ಮಾತನ್ನು ನೂರು ಸಲ ಕೇಳಿಸಿಕೊಂಡ: ಎಣಸಾಕ ಬರಂಗಿಲ್ಲೇನು ನಿನಗ. ಹೆಂಡತಿ ನಾಗಲಕ್ಷ್ಮಿ ಹೊಲಿಗೆಯ ಯಂತ್ರ ತುಳಿಯುತ್ತ ಅವನನ್ನು ಆಗಾಗ ನೋಡುವಳು.

ಒಂದು ಮಧ್ಯಾಹ್ನ ಮಗಳು ಮೇಘಾ ಅಟ್ಟ ತೆರವು ಮಾಡುತ್ತ ಒಂದು ಚೀಲ ಇಳಿಸಿದಳು. ಅವಳು ಚಿಕ್ಕವಳಿದ್ದಾಗ ಆಡುತ್ತಿದ್ದ ಪ್ಲಾಸ್ಟಿಕ್ ಇಟ್ಟಿಗೆಗಳು, ಒಂದರ ತಲೆಯ ಮೇಲೆ ಇನ್ನೊಂದನ್ನು ಒತ್ತಿ ಜೋಡಿಸುವಂಥವು. ಈಗ ಅವಳು ಬಿ.ಎಸ್ಸಿ. ಎರಡನೆಯ ವರ್ಷದಲ್ಲಿದ್ದಳು.

"ಪಕ್ಕದ ಮನಿ ಕೂಸಿಗೆ ಕೊಡ್ಲೇನಪ್ಪಾ?"

"ಇರ್ಲಿ, ತಾ ಇಲ್ಲಿ."

ಚೀಲ ಸುರುವಿದಾಗ ಆದ ಸದ್ದಿಗೆ ಅವನ ಮೈ ಜುಂ ಎಂದಿತು. ಅವನು ಮೂರನೆಯ ತರಗತಿಯಲ್ಲಿದ್ದಾಗ ಲಾರಿ ಓಡಿಸುತ್ತಿದ್ದ ಸೋದರಮಾವ ಮದ್ರಾಸಿನಿಂದ ಇಂಥದೇ ಒಂದು ಡಬ್ಬಿ ತಂದುಕೊಟ್ಟಿದ್ದ. ಕುರುಗೋಡಿನ ಮನೆಯ ಕಟ್ಟೆಯ ಮೇಲೆ ನಾಲ್ಕು ವರ್ಷ ಅದೇ ಆಟ. ಮೀಸೆ ಬರೋ ವಯಸ್ಸಿಗೆ ಇದೇನು ಎಂದು ಅಪ್ಪ ಡಬ್ಬಿಯನ್ನು ಯಾರಿಗೋ ಕೊಟ್ಟುಬಿಟ್ಟಿದ್ದ. ಗೆರೆಗಳ ಕೆಲಸ ಹಿಡಿದ ಮೇಲೆ ಅದು ಮರೆತೇ ಹೋಗಿತ್ತು.

ಆ ದಿನ ಬರೀ ಒಂದು ಗೋಡೆ ಕಟ್ಟಿದ. ಮರುದಿನ ಕಿಟಕಿ ಬಿಟ್ಟು ಕಟ್ಟಿದ. ಮೂಲೆಯಲ್ಲಿ ಇಟ್ಟಿಗೆಗಳು ಒಂದನ್ನೊಂದು ಕಚ್ಚಿಕೊಳ್ಳುವಂತೆ ಕೂಡಿಸುವಾಗ ಬೆರಳುಗಳಿಗೆ ಎಲ್ಲ ನೆನಪಿತ್ತು. ಟಕ್ ಎಂದು ಕೂತಾಗಲೊಮ್ಮೆ ತಲೆಯೊಳಗಿನ ಆ ಮಾತು ಒಂದು ಗಳಿಗೆ ನಿಲ್ಲುತ್ತಿತ್ತು. ಹದಿನೈದು ದಿನಗಳಲ್ಲಿ ಮನೆ, ಮೆಟ್ಟಿಲು, ಸೇತುವೆ, ನೀರಿನ ಟ್ಯಾಂಕು ಎಲ್ಲ ಎದ್ದವು, ಬಿದ್ದವು. ಇಟ್ಟಿಗೆ ಸಾಲದೆ ಮೇಘಾಳ ಫೋನಿನಲ್ಲಿ ಇನ್ನಷ್ಟು ತರಿಸಿದ. "ಇಷ್ಟು ದಿನಕ್ಕ ನಕ್ಕಿ ನೋಡಪ," ಎಂದಳು ನಾಗಲಕ್ಷ್ಮಿ.

ಒಂದು ದಿನ ಕೈ ತಾನಾಗಿ ಸಿರುಗುಪ್ಪದ ಹಾಲು ಕಟ್ಟತೊಡಗಿತು. ಬುನಾದಿಯಿಂದಲೇ ಶುರುಮಾಡುವುದು ಅವನ ರೂಢಿ. ಕಂದು ಬಣ್ಣದ ಚಪ್ಪಟೆ ಇಟ್ಟಿಗೆಗಳನ್ನು ಸಾಲಿಗೆ ಮೂರರಂತೆ ಮೂರು ಸಾಲು ಇಟ್ಟ. ಇಟ್ಟವನು ಹಾಗೇ ಕೂತ. ಬುನಾದಿಗೆ ಕಾಂಕ್ರೀಟು ಸುರಿದ ದಿನ ಅವನು ಸಿರುಗುಪ್ಪಕ್ಕೆ ಹೋಗಿದ್ದ. ಒಂಬತ್ತು ಗುಂಡಿಗಳನ್ನು ಕಣ್ಣಾರೆ ಎಣಿಸಿದ್ದ. ನಡುವಿನ ಗುಂಡಿಯಿಂದಲೂ ಕಬ್ಬಿಣದ ಕಂಬಿಗಳು ಮೇಲೆದ್ದು ನಿಂತಿದ್ದವು. ಕಂಬ ಬೇಡವೆಂದು ಹಂಪೇಶನಿಗೆ ಅನಿಸಿದ್ದು ಆಮೇಲೆ. ಅಂದಮೇಲೆ ಆ ಬುನಾದಿ ಈಗಲೂ ಟೈಲ್ಸಿನ ಕೆಳಗೆ ಇರಲೇಬೇಕು. ಕಂಪ್ಯೂಟರಿನೊಳಗಿನದನ್ನು ಅಳಿಸಬಹುದು, ನೆಲದ ಒಳಗಿನದನ್ನು ಹೇಗೆ ಅಳಿಸಿಯಾನು?

"ಅಪ್ಪಾ, ಸಂಘದವರಿಗೆ ಈಗ್ಲೇ ಫೋನ್ ಮಾಡಿ ಹೇಳಿಬಿಡು," ಎಂದಳು ಸಂಗತಿ ಕೇಳಿದ ಮೇಘಾ.

"ಫೋನಿನಾಗ ಹೇಳಿದ್ರ ಹಂಪೇಶ ಫೋನಿನಾಗ ತಪ್ಪಿಸ್ಕಂತಾನ. ಇಪ್ಪತ್ತು ದಿನಕ್ಕ ಸಂಘದ ಸಭಿ ಐತಿ. ಅವ ಬರಲೇಬೇಕು. ನಾಲ್ಕು ಮಂದಿ ಮುಂದ ನನ್ನ ಮುಖಕ್ಕ ಉಗುಳ್ಯಾನ, ನಾನೂ ನಾಲ್ಕು ಮಂದಿ ಮುಂದನ ಕೇಳಬೇಕು."

"ಅಷ್ಟರಾಗ ಚಾವಣಿ ಯಾರ ಮ್ಯಾಲಾದ್ರೂ ಬಿದ್ರ?"

"ಹಾಲಿಗೆ ಬೀಗ ಹಾಕ್ಯಾರ. ಯಾರೂ ಒಳಗ ಹೋಗಂಗಿಲ್ಲ."

ಆ ಇಪ್ಪತ್ತು ದಿನ ಅವನು ಒಂದೇ ಹಾಲನ್ನು ಕಟ್ಟಿ ಕೆಡವಿ ಕಟ್ಟಿದ. ಎದುರಿಗೆ ಹಂಪೇಶ್ ನಿಂತಿದ್ದಾನೆ ಎಂದುಕೊಂಡು ಆಡಬೇಕಾದ ಮಾತನ್ನು ಒಬ್ಬನೇ ಆಡಿಕೊಂಡ. ಅನ್ನ ರುಚಿಸಿತು, ನಿದ್ದೆ ಬಂತು.

ಸಭೆಯ ಭಾನುವಾರ, ಒಂದು ರಟ್ಟಿನ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಬಸ್ಸು ಹತ್ತಿದ. ಮೇಘಾ ಜೊತೆಗೆ ಬಂದಳು. ತೆಕ್ಕಲಕೋಟೆಯಲ್ಲಿ ಬಸ್ಸು ಕುಲುಕಿದಾಗ ಕೂಸನ್ನು ಹಿಡಿದಂತೆ ಪೆಟ್ಟಿಗೆಯನ್ನು ಅವುಚಿಕೊಂಡ.

ಭವನದ ಮುಂದೆ ಶಾಮಿಯಾನ ಹಾಕಿದ್ದರು. ಸಂಘದ ಅಧ್ಯಕ್ಷ ಉಚ್ಚಂಗೆಪ್ಪ, ಎಪ್ಪತ್ತು ದಾಟಿದ ಮುದುಕ, ಕುರ್ಚಿಯಲ್ಲಿ ಕೂತಿದ್ದ. ಹಂಪೇಶ್ ದುರಸ್ತಿಯ ಬಗ್ಗೆ ವಿವರಿಸುತ್ತಿದ್ದ. ಎರ್ರಿಸ್ವಾಮಿ ಅವನ ಹಿಂದೆ ಕೈಕಟ್ಟಿ ನಿಂತಿದ್ದ. ಗಾದಿಲಿಂಗಪ್ಪ ನೇರ ಹೋಗಿ ಮೇಜಿನ ಮೇಲೆ ಪೆಟ್ಟಿಗೆ ಇಟ್ಟು ಬಿಚ್ಚಿದ.

"ಇವನ್ನ ಯಾರು ಕರದ್ರು?" ಎಂದ ಹಂಪೇಶ್.

"ಐದು ನಿಮಿಷ ಕೊಡ್ರಿ, ಯಜಮಾನ್ರ. ನಕ್ಷಿ ನಿಮಗ ತಿಳಿಯಂಗಿಲ್ಲ ಅಂತ ಇದನ್ನ ಕಟ್ಟಿಕೊಂಡು ಬಂದೀನಿ. ಇದು ನಿಮ್ಮ ಊಟದ ಹಾಲು. ಚಾವಣಿ ಮ್ಯಾಲೆ ಕೈಯಿಟ್ಟು ಒತ್ತರಿ."

ಉಚ್ಚಂಗೆಪ್ಪ ಒತ್ತಿದ. ಅಲುಗಲಿಲ್ಲ. ಗಾದಿಲಿಂಗಪ್ಪ ಬೆರಳು ತೂರಿಸಿ ನಡುವಿನ ಕೆಂಪು ಕಂಬವೊಂದನ್ನೇ ಎಳೆದು ತೆಗೆದ. "ಈಗ ಒತ್ತರಿ." ಮುದುಕ ಒತ್ತಿದ್ದೇ ತಡ, ಚಾವಣಿ ನಡುವೆ ಬಾಯಿಬಿಟ್ಟು ಚಟಪಟನೆ ಒಳಗೆ ಕುಸಿಯಿತು. ಮಂದಿ ಮೊದಲು ನಕ್ಕರು. ಆಮೇಲೆ ನಗಲಿಲ್ಲ.

"ಕಾಲಮ್ಮು ನಕ್ಷ್ಯಾಗ ಇರ್ಲಿಲ್ಲ ಅಂತಾರ ಇವರು. ಇತ್ತು ಅಂತೀನಿ ನಾನು. ಜಗಳ ಬ್ಯಾಡ, ನೆಲಾನ ಕೇಳೋಣ. ಹಾಲಿನ ನಡುಮಧ್ಯ ಟೈಲ್ಸ್ ಎಬ್ಬಿಸಿರಿ. ಕೆಳಗ ಬುನಾದಿ ಸಿಗಲಿಲ್ಲಂದ್ರ ನನ್ನ ಜೈಲಿಗೆ ಹಾಕಸ್ರಿ."

"ಹೊಸಾ ಟೈಲ್ಸ್ ಯಾಕ ಒಡಸ್ತೀರಿ?" ಎಂದು ಹಂಪೇಶ್ ಒಂದು ಹೆಜ್ಜೆ ಮುಂದೆ ಬಂದ.

ಉಚ್ಚಂಗೆಪ್ಪ ಅವನನ್ನು ಮೇಲಿಂದ ಕೆಳಗೆ ನೋಡಿದ. "ಚಾವಣಿನ ಬಾಯಿ ಬಿಟ್ಟೈತಿ. ನಿಮಗ ಟೈಲ್ಸಿನ ಚಿಂತಿ ಏನ್ರಿ, ಎಂಜಿನಿಯರ್ರ? ಯಾರಲೇ ಅಲ್ಲಿ, ಹಾರಿ ತರ್ರಿ."

"ಎರ್ರಿಸ್ವಾಮಿನ ಒಡೀಲಿ," ಎಂದ ಗಾದಿಲಿಂಗಪ್ಪ. "ಜಾಗ ಅವನಿಗೆ ಗೊತ್ತೈತಿ."

ಚಾವಣಿಗೆ ಕೊಟ್ಟಿದ್ದ ಸರ್ವೆ ಮರದ ಆಧಾರಗಳ ನಡುವೆ ಎರ್ರಿಸ್ವಾಮಿ ಹಾರೆ ಎತ್ತಿದ. ಅಳತೆ ಹಿಡಿಯಲಿಲ್ಲ, ಹೆಜ್ಜೆ ಎಣಿಸಲಿಲ್ಲ, ನೇರ ಹೋಗಿ ಒಂದು ಕಡೆ ಕುಟ್ಟಿದ. ನಾಲ್ಕನೆಯ ಟೈಲ್ಸು ಎದ್ದಾಗ ಕೆಳಗೆ ಚೌಕದ ಕಾಂಕ್ರೀಟು ಕಂಡಿತು. ಅದರ ಮೈಯಲ್ಲಿ ಗ್ಯಾಸಿನಿಂದ ಕೊಯ್ದ ಎಂಟು ಕಂಬಿಗಳ ತುದಿಗಳು.

ಎರ್ರಿಸ್ವಾಮಿ ಅಲ್ಲೇ ಕುಕ್ಕರುಗಾಲಲ್ಲಿ ಕೂತ. "ಊಟದ ಹಾಲಿನಾಗ ಕಂಬ ಅಡ್ಡ ಕಾಣತೈತಿ, ಕೊಯ್ದು ಹಾಕು ಅಂದ್ರು ಸಾಹೇಬ್ರು. ಕೊಯ್ದೆ."

ಹಂಪೇಶ್ ಗಾದಿಲಿಂಗಪ್ಪನ ತೋಳು ಹಿಡಿದ. "ಅಣ್ಣಾ, ಹೊರಗ ಬಾ, ಮಾತಾಡೋಣ."

"ಅಣ್ಣ ಅನಬ್ಯಾಡ. ಇಲ್ಲೇ ಹೇಳು. ನನ್ನ ನಕ್ಷ್ಯಾಗ ಎಷ್ಟಿದ್ವು?"

"ಒಂಬತ್ತು."

"ಕೇಳಿಸ್ಲಿಲ್ಲ."

"ಒಂಬತ್ತು ಇದ್ವು."

"ಅಗೋ, ಬಾಗ್ಲಾಗ ಗಿಡ್ಡಮ್ಮ ನಿಂತಾಳ. ಆಕಿಗೆ ಹೇಳು."

ಹಂಪೇಶ್ ಆಕೆಯತ್ತ ತಿರುಗಿ ಮೂರನೆಯ ಸಲ ಹೇಳಿದ. ಅವನ ಕತ್ತಿನ ನರ ಹಾರುವುದನ್ನು ಗಾದಿಲಿಂಗಪ್ಪ ಸಾವಕಾಶವಾಗಿ ನೋಡಿದ. ಇಡೀ ಬೇಸಿಗೆಯ ಸಿಟ್ಟು ತಣ್ಣೀರು ಕುಡಿದಂತೆ ಇಳಿಯಿತು.

ಗಿಡ್ಡಮ್ಮನ ಬಲಗೈ ಕೊರಳಿಗೆ ಕಟ್ಟಿದ ಬಟ್ಟೆಯ ಜೋಳಿಗೆಯಲ್ಲಿ ತೂಗುತ್ತಿತ್ತು. ಅವಳು ನೋಡುತ್ತಿದ್ದದ್ದು ಹಂಪೇಶನನ್ನಲ್ಲ. "ನಿನಗ ಇದು ಯಾವಾಗ ಹೊಳೀತಪ್ಪಾ?" ಎಂದು ಗಾದಿಲಿಂಗಪ್ಪನನ್ನು ಕೇಳಿದಳು.

"ಇಪ್ಪತ್ತು ದಿನ ಆತವ್ವ."

"ಬೀಗದ ಕೈ ನನ್ನ ಹತ್ರಾನ ಐತಿ. ದಿನಾ ಮುಂಜಾನಿ ಒಂದು ಕೈಲೆ ಈ ಹಾಲಿನ ಕಸ ಹೊಡದೀನಿ. ನಡುವ ಕಂಬ ಇಲ್ಲದ ಚಾವಣಿಗೆ ಈ ಕಟಗಿ ಕೊಟ್ಟದ್ದು ಸಾಲಂಗಿಲ್ಲ, ಒಳಗ ಕಾಲಿಡಬ್ಯಾಡ್ರಿ ಅಂತ ಒಂದು ಮಾತು ಹೇಳಿ ಕಳಿಸಾಕ ಆಗ್ಲಿಲ್ಲೇನು?"

ಗಾದಿಲಿಂಗಪ್ಪ ಮಗಳತ್ತ ನೋಡಿದ. ಮೇಘಾ ಮುಖ ಆಚೆ ತಿರುಗಿಸಿದಳು.

ಕಂಬವನ್ನು ಹಂಪೇಶನೇ ನಿಲ್ಲಿಸಿಕೊಡಬೇಕಾಯಿತು. ಸುದ್ದಿ ಕಂಪ್ಲಿಯವರೆಗೂ ಹಬ್ಬಿ, ಕೈಯಲ್ಲಿದ್ದ ಮೂರು ಕೆಲಸ ಬೇರೆಯವರ ಪಾಲಾದವು. ಎರ್ರಿಸ್ವಾಮಿಯನ್ನು ಈ ಕಡೆ ಯಾರೂ ಕರೆಯದೆ ಅವನು ಆದೋನಿಗೆ ಹೋಗಿ ಇನ್ನೊಬ್ಬರ ಕೈಕೆಳಗೆ ಗಾರೆ ಹಾಕತೊಡಗಿದ. ಗಾದಿಲಿಂಗಪ್ಪನಿಗೆ ತಿಂಗಳೊಳಗೆ ಇನ್ನೊಂದು ಕಚೇರಿಯಲ್ಲಿ ಕೆಲಸ ಸಿಕ್ಕಿತು.

"ಖುಷಿ ಆತೇನಪ್ಪಾ?" ಎಂದು ಮೇಘಾ ಒಮ್ಮೆ ಕೇಳಿದಳು.

"ಆತು," ಎಂದ. ಸುಳ್ಳು ಹೇಳಲಿಲ್ಲ. "ಆ ಮುದುಕಿ ಮಾತು ಒಂದು ಗಂಟಲಾಗ ಕುಂತೈತಿ. ಉಳಿದದ್ದಕ್ಕ ನನಗ ಏನೂ ಅನಸಂಗಿಲ್ಲ."

ಇಟ್ಟಿಗೆಯ ಆಟ ಬಿಡಲಿಲ್ಲ. ಕೆಲಸದಿಂದ ಬಂದು ಕೈಕಾಲು ತೊಳೆದರೆ ಮೊದಲು ಕೂರುವುದು ಅದರ ಮುಂದೆಯೇ. ಈಗ ಬಳ್ಳಾರಿಯ ಗುಡ್ಡವನ್ನೂ ಕೋಟೆಯನ್ನೂ ಕಟ್ಟುತ್ತಿದ್ದಾನೆ, ಆರು ತಿಂಗಳ ಕೆಲಸವಂತೆ.

ಕಳೆದ ವಾರ ಗಾಂಧಿನಗರದ ಹತ್ತಿರ ಒಗ್ಗರಣೆ ಮಂಡಕ್ಕಿ ತಿನ್ನಲು ಹೋದಾಗ ಒಳಗೆ ಹಂಪೇಶ್ ಕೂತಿದ್ದ. ಇವನನ್ನು ಕಂಡವನೇ ಮೆಣಸಿನಕಾಯಿ ಬಜ್ಜಿಯನ್ನು ಅರ್ಧಕ್ಕೆ ಬಿಟ್ಟು ಎದ್ದು ಹೋದ. ಗಾದಿಲಿಂಗಪ್ಪ ಅದೇ ಕುರ್ಚಿ ಎಳೆದುಕೊಂಡು ಕೂತು ಎರಡು ಪ್ಲೇಟು ತರಿಸಿ, ಅವಸರವಿಲ್ಲದೆ ತಿಂದ.