ಕೆರೆಯದೆ ಬರೆದ ಪೆಟ್ಟಿಗೆ

ನಮ್ಮ ಕಚೇರಿಯ ಹಿಂದಿನ ಉಗ್ರಾಣದಲ್ಲಿ ಇಪ್ಪತ್ತಾರು ವರ್ಷದಿಂದ ಮಾವನದೊಂದೇ ಕೆಲಸ: ನೆಲದಾಳದಿಂದ ಕೊರೆದು ತೆಗೆದ ಎಣ್ಣೆಮರಳಿನ ಕಂಬಗಳನ್ನು ನೋಡಿ, ಎಲ್ಲಿ ಮರಳು, ಎಲ್ಲಿ ಜೇಡಿ ಎಂದು ಅವನ್ನಿಟ್ಟ ಪೆಟ್ಟಿಗೆಗಳ ಮೇಲೆ ಬರೆಯುವುದು. ಅವರ ಮಗಳ ಗಂಡ ನಮ್ಮಲ್ಲೇ ಕೆಲಸಕ್ಕೆ ಸೇರಿದ ಮೇಲೆ ಇಡೀ ಕಚೇರಿಗೇ ಅವರು ಮಾವನಾದರು. ಮಾವ ಬರೆದದ್ದನ್ನು ಅಳಿಯ ಕಂಪ್ಯೂಟರಿಗೆ ತುಂಬಿ ನೆಲದಡಿಯ ಮಾದರಿ ಕಟ್ಟುತ್ತಿದ್ದ. ಅದನ್ನು ನೋಡಿಕೊಂಡು ಬಾವಿ ಕೊರೆದು ಹಬೆ ಬಿಡುತ್ತಾರೆ. ಹಬೆ ಮೇಲೇರಿದಂತೆ ಡಾಂಬರಿನಂಥ ಎಣ್ಣೆ ತೆಳುವಾಗಿ ಕೆಳಗಿಳಿಯುತ್ತದೆ. ನಡುವೆ ಜೇಡಿಯ ಪದರ ಹರಡಿದ್ದರೆ ಹಬೆ ಅಲ್ಲೇ ನಿಂತುಬಿಡುತ್ತದೆ.

ಕಂಬವನ್ನು ಗರಗಸದಿಂದ ಉದ್ದಕ್ಕೆ ಸೀಳುವಾಗ ಎಣ್ಣೆ ಮೆತ್ತಿಕೊಂಡು ಎಲ್ಲವೂ ಕರ್ರಗೆ ಒಂದೇ ಥರ ಕಾಣುತ್ತದೆ. ಅದಕ್ಕೇ ಹೊಸಬರಿಗೆಲ್ಲ ಮಾವನ ಮೊದಲ ಪಾಠ: "ಚಾಕು ತಗೊಂಡು ಕೆರೀರಿ. ಕೆರೀದೆ ಒಂದಕ್ಷರ ಬರೀಬೇಡಿ." ಸಾಕಪ್ಪಾ ಸಾಕು ಅನ್ನಿಸುವಷ್ಟು ಸಲ ನಾನೂ ಕೇಳಿದ್ದೇನೆ.

ಈ ವರ್ಷ ಒಂದು ಬಾವಿಯಲ್ಲಿ ಎಂಟು ತಿಂಗಳು ಹಬೆ ಬಿಟ್ಟರೂ ಅದು ಮೇಲೇರಲಿಲ್ಲ. ತಪ್ಪನ್ನು ಅಳಿಯನ ತಲೆಗೆ ಕಟ್ಟಿದರು. ತಿಂಗಳ ಕೊನೆಗೆ ಅವನನ್ನು ತೆಗೆಯುತ್ತಾರೆಂದು ಸುದ್ದಿಯಾಯಿತು. ಮಾವ ಯಾರಿಗೂ ಹೇಳದೆ ಆ ಜಾಗದ ಹಳೆಯ ಪೆಟ್ಟಿಗೆಗಳನ್ನು ಇಳಿಸಿದರು. ಮೂವತ್ತೊಂದನೆಯದರಲ್ಲಿ ಚಾಕು ತಾಗಿದ ಗುರುತೇ ಇರಲಿಲ್ಲ. ಮೇಲೆ ಅವರದೇ ಅಕ್ಷರ: 'ಬರೀ ಮರಳು'. ಕೆರೆದರು. ಅಂಗೈಯಗಲದ ಬೂದು ಜೇಡಿ ಕಂಡಿತು.

ಮರುದಿನ ಸಭೆಗೆ ಆ ಪೆಟ್ಟಿಗೆಯನ್ನೇ ಹೊತ್ತು ತಂದು ಮೇಜಿನ ಮೇಲಿಟ್ಟರು.

"ತಪ್ಪು ಮಾದರೀದಲ್ಲ ಸಾರ್, ನಂದು. ಅವತ್ತು ಮಂಡಿ ನೋವು, ಬೇಗ ಮನೆಗೆ ಹೋಗ್ಬೇಕಿತ್ತು. ಕೆರೀದೆ ಬರ್ದುಬಿಟ್ಟೆ. ಪುರಾಣ ಹೇಳೋಕೆ, ಬದನೆಕಾಯಿ ತಿನ್ನೋಕೆ."

"ಅಳಿಯನ್ನ ಉಳಿಸ್ಕೊಳ್ಳೋಕೆ ಹೇಳ್ತಿಲ್ಲ ತಾನೇ?" ಎಂದರು ಮುಖ್ಯಸ್ಥರು.

"ಯಾರು ಯಾರ ಅಳಿಯ ಅಂತ ಜೇಡಿಗೇನು ಗೊತ್ತು ಸಾರ್? ಮುಟ್ಟಿ ನೋಡಿ."

ಮುಖ್ಯಸ್ಥರು ಮುಟ್ಟಿ ನೋಡಿದರು. ಮಾವನ ಮುಖ ನೋಡಲಾಗದೆ ನಾನು ಕಿಟಕಿಯತ್ತ ತಿರುಗಿದೆ.

ಅಳಿಯನ ಕೆಲಸ ಉಳಿಯಿತು. ಮಾವ ಇಪ್ಪತ್ತಾರು ವರ್ಷ ಬರೆದ ಪೆಟ್ಟಿಗೆಗಳನ್ನೆಲ್ಲ ಮತ್ತೆ ಪರೀಕ್ಷಿಸಬೇಕೆಂದು ಆದೇಶವಾಯಿತು. ಅದು ಅಳಿಯನ ಪಾಲಿಗೇ ಬಿತ್ತು. ಮೊದಲ ದಿನ ಅವನು ಉಗ್ರಾಣದ ಬಾಗಿಲಲ್ಲೇ ತಲೆ ತಗ್ಗಿಸಿ ನಿಂತಿದ್ದ.

"ಮುಖ ನೋಡಿ ಮಣೆ ಹಾಕ್ಬೇಡಿ, ಅಳಿಯಂದ್ರೇ," ಎಂದು ಮಾವ ಮೊದಲ ಪೆಟ್ಟಿಗೆಯನ್ನು ತಾವೇ ಇಳಿಸಿಕೊಟ್ಟರು.