ಖಂಡೆಪೂಜೆಯ ದಿನ ನಿಂತ ಪಂಪು

ಅಂದು ಕರೆಂಟ್ ಹೋಗಿರಲಿಲ್ಲ, ಸುಜಾತಕ್ಕಾ. ಕಡಲುಕುದುರೆ ಮರಿಗಳ ತೊಟ್ಟಿಗೆ ಗಾಳಿ ಕೊಡುವ ಪಂಪನ್ನು ನಾನೇ ಬಂದ್ ಮಾಡಿದ್ದೆ. ಇಷ್ಟು ವರ್ಷ ಈ ಮಾತು ನಾಲಿಗೆಯ ತುದಿಗೆ ಬಂದಾಗಲೆಲ್ಲ ನುಂಗಿದ್ದೇನೆ.

ಗಂಗಾವತಿಯ ಆ ಮತ್ಸ್ಯಾಲಯದಲ್ಲಿ ಮರಿ ಮಾಡಿಸುವವರು ನೀವು, ತೊಟ್ಟಿ ತೊಳೆದು ಉಪ್ಪುನೀರು ತುಂಬುವವನು ನಾನು. "ಇಲ್ಲೇ ಮರಿ ಆದ್ರ ಸಮುದ್ರದಾಗಿನವನ್ನ ಹಿಡ್ಯೂದು ತಪ್ಪತೈತಿ, ತಮ್ಮಾ. ಮುಂದ ನಮ್ಮವನ್ನೂ ಅಲ್ಲಿಗೆ ಬಿಡಬಹುದು," ಎನ್ನುತ್ತಿದ್ದಿರಿ. ಕಡಲುಕುದುರೆಯಲ್ಲಿ ಗಂಡೇ ಹೆರುತ್ತದೆ ಎಂದು ನೀವು ತೋರಿಸಿದಾಗ ನೋಡಲು ಬಂದ ಹೆಂಗಸರು ತಮ್ಮ ಗಂಡಂದಿರ ಕಡೆ ತಿರುಗಿ ನಗುತ್ತಿದ್ದರು. ಎಷ್ಟೋ ಸಲ ಮರಿಗಳು ಸತ್ತು, ಕೊನೆಗೊಮ್ಮೆ ಬದುಕಿದ್ದವು.

ಮಹಾನವಮಿಗೆ ನೀವು ನಿಮ್ಮೂರು ಕುಷ್ಟಗಿಗೆ ಹೋಗಿದ್ದಿರಿ. ನಾನು ಖಂಡೆಪೂಜೆ, ಅಂದರೆ ಆಯುಧಪೂಜೆ, ಮಾಡಿದೆ. ಹಿಟ್ನಾಳದ ನಮ್ಮ ಮನೆಯಲ್ಲಿ ಪೂಜೆಯಾದ ನೇಗಿಲು, ಗಾಡಿ, ಪಂಪ್‌ಸೆಟ್ಟು ಯಾವುದನ್ನೂ ಅಂದು ದುಡಿಸುವುದಿಲ್ಲ. ಈ ಗಾಳಿ ಪಂಪೂ ದುಡಿಯುವ ಯಂತ್ರವೇ ಅಲ್ಲವೇ — ನಿಲ್ಲಿಸಿ, ಒರೆಸಿ, ವಿಭೂತಿ ಹಚ್ಚಿ, ಸಂಜೆತನಕ ಸುಮ್ಮನಿರಲಿ ಎಂದು ಹೋಳಿಗೆ ಊಟಕ್ಕೆ ಊರಿಗೆ ಹೋದೆ. ಮರಿಗಳ ನೆನಪೇ ಆಗಲಿಲ್ಲ ಎಂದರೆ ಸುಳ್ಳು. ನೆನಪಾಯಿತು. ಒಂದು ಹೊತ್ತು ತಡೆದುಕೊಂಡಾವು ಎಂದು...

ತಿರುಗಿ ಬಂದಾಗ ಮರಿಗಳೆಲ್ಲ ಸತ್ತು ತಳ ಹಿಡಿದಿದ್ದವು. ನಾನು ಮೊದಲು ಮಾಡಿದ ಕೆಲಸ — ಪಂಪಿನ ಮೇಲಿನ ವಿಭೂತಿ ಅಳಿಸಿದ್ದು.

"ಕರೆಂಟ್ ಹೋಗಿತ್ರೀ ಅಕ್ಕಾರ," ಎಂದೆ, ಬನ್ನಿ ಮುಗಿಸಿ ನೀವು ತಿರುಗಿ ಬಂದ ದಿನ. ನಮ್ಮ ಕಡೆ ಕರೆಂಟಿನ ಮೇಲೆ ಯಾವ ತಪ್ಪು ಹೊರಿಸಿದರೂ ಜನ ನಂಬುತ್ತಾರೆ, ನೀವೂ ನಂಬಿದಿರಿ. ಖಾಲಿ ತೊಟ್ಟಿಯೊಳಗೆ ಬಗ್ಗಿ ನೋಡಿದಿರಿ. "ಅದಕ್ಕ ನೀ ಏನ್ ಮಾಡ್ತಿ ಬಿಡು. ನಾನಽ ಊರಿಗೆ ಹೋಗಬಾರದಿತ್ತು," ಎಂದು, ತಂದಿದ್ದ ಬನ್ನಿ ಎಲೆಯನ್ನು ನನ್ನ ಕೈಗಿಟ್ಟಿರಿ. "ಬಂಗಾರದಂಗ ಇರು."

ತೆಗೆದುಕೊಂಡೆ. ನಾಚಿಕೆಯಾಯಿತು, ಆದರೂ ತೆಗೆದುಕೊಂಡೆ.

"ಈ ಕರೆಂಟ್ ನಂಬಿ ಸಮುದ್ರದ ಮರಿ ಸಾಕೂದು ಇಲ್ಲಿ ಆಗೂದಿಲ್ಲ," ಎಂದು ಮತ್ಸ್ಯಾಲಯದ ಸಾಹೇಬರು ಬೇರೆ ತೊಟ್ಟಿಯಲ್ಲಿ ಉಳಿದಿದ್ದ ದೊಡ್ಡ ಜೋಡಿಯನ್ನು ಕರಾವಳಿಗೆ ಕಳಿಸಿಬಿಟ್ಟರು. ನೀವು ಮತ್ತೆ ಆ ಕೆಲಸಕ್ಕೆ ಕೈ ಹಾಕಲಿಲ್ಲ. ನನ್ನ ಸುಳ್ಳು ಮರಿಗಳಿಗಿಂತ ಹೆಚ್ಚಿನದನ್ನು ಕೊಂದಿತು ಎಂದು ತಿಳಿದೂ ನಾನು ಅಲ್ಲೇ ಸಂಬಳ ಎಣಿಸುತ್ತ ನಿವೃತ್ತನಾದೆ.

ಈ ದಸರೆಗೆ ಬನ್ನಿ ಹಿಡಿದು ಕುಷ್ಟಗಿಗೆ ಬರುತ್ತೇನೆ, ಅಕ್ಕಾ. ಮೊದಲು ಈ ಮಾತು, ಆಮೇಲೆ ಬನ್ನಿ. ನೀವು ಕೈ ಚಾಚದಿದ್ದರೆ ಅದನ್ನು ಹಿಡಿದುಕೊಂಡೇ ತಿರುಗಿ ಬರುತ್ತೇನೆ.