ಅಳಿಸಬೇಕಾದ ಸಾಲು

ಫಳ್ನೀರಿನ ಸ್ಕ್ಯಾನಿಂಗ್ ಸೆಂಟರಿನಲ್ಲಿ ನಾನು ವರದಿ ಟೈಪ್ ಮಾಡುತ್ತಿದ್ದೆ. ಅಲ್ಲಿನ ಡಾಕ್ಟರು ಜೆಲ್ಲನ್ನು ಅಂಗೈಯಲ್ಲಿ ಬೆಚ್ಚಗಾಗಿಸಿಯೇ ಮಕ್ಕಳ ಹೊಟ್ಟೆಗೆ ಸವರುತ್ತಿದ್ದರು. ಆಮೇಲೆ ನನ್ನ ಕಡೆ ತಿರುಗಿ, "ಆ ಸಾಲು ಮೊದಲು ಅಳಿಸು ಮಾರಾಯ್ತಿ," ಎನ್ನುತ್ತಿದ್ದರು.

'ಕರುಳು ಸಹಜ' ಎಂಬ ಸಾಲು ಕಂಪ್ಯೂಟರಿನ ಮಾದರಿ ವರದಿಯಲ್ಲಿ ಮೊದಲೇ ಇರುತ್ತಿತ್ತು. ಒಮ್ಮೆ, ಹಸಿರು ವಾಂತಿ ಮಾಡುತ್ತಿದ್ದ ಜೆಪ್ಪು ಕಡೆಯ ಹಸುಗೂಸೊಂದರ ವರದಿಯಲ್ಲಿ ನಾನು ಅದನ್ನು ಅಳಿಸಿರಲಿಲ್ಲ. ಅವರು ಓದದೆ ಸಹಿ ಹಾಕಿದ್ದರು. ಆ ಮಗುವಿನ ಸಣ್ಣ ಕರುಳು ಹುಟ್ಟಿನಿಂದಲೇ ತಪ್ಪಾಗಿ ಕೂತಿತ್ತು. ಮರುದಿನ ಅದು ತಿರುಚಿಕೊಂಡು ಮಗು ತೀರಿಕೊಂಡಿತು. ಅಳಿಸು ಎಂದು ಅವರು ಪ್ರತಿ ಸಲ ಹೇಳತೊಡಗಿದ್ದು ಆಮೇಲೆಯೇ.

ಎರಡು ವರ್ಷದ ಬಳಿಕ ಆ ಮಗುವಿನ ತಾಯಿ ತನ್ನ ಎರಡನೆಯ ಮಗುವನ್ನು ತಂದಳು. ಡಾಕ್ಟರು ಒಂದು ಗಂಟೆ ನೋಡಿದರು.

"ಎಂತ ಉಂಟು ಡಾಕ್ಟ್ರೇ?"

"ಎಂತ ಇಲ್ಲಮ್ಮ. ಕರುಳು ಸರಿ ಉಂಟು."

ಅವಳು ಮಗುವಿನ ಅಂಗಿ ಕೆಳಗೆಳೆದಳು.

"ಇವಳ ಅಣ್ಣನಿಗೂ ನೀವು ಹಾಗೇ ಬರೆದದ್ದು."